ಮನೆದೇವರ ದಿನದ ಮಾತ್ರೆ

ಕೀಲುನೋವಿನವರ ಸಂಘವನ್ನು ಮೊದಲನೇ ಮಹಡಿಯಲ್ಲಿ ಇಟ್ಟವರ ಬುದ್ಧಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ವಿಜಯನಗರದ ಆ ಕ್ಷೇಮಾಭಿವೃದ್ಧಿ ಸಂಘದ ಕಟ್ಟಡಕ್ಕೆ ಇಪ್ಪತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೂವತ್ತು ಮೂವತ್ತೈದು ಜನ ಕಂಬಿ ಹಿಡಿದುಕೊಂಡು, ಮೆಟ್ಟಿಲಿಗೊಂದು ದೇವರನ್ನು ಕರೆಯುತ್ತ ಹತ್ತಿ ಬರುತ್ತಿದ್ದರು. ಬಂದು ಕೂತ ಮೇಲೆ ಮೊದಲ ಕಾಲು ಗಂಟೆ ಮೆಟ್ಟಿಲಿನಿಂದ ಬಂದ ನೋವಿನ ಚರ್ಚೆ. ಕೆಳಗಿನ ಹಾಲ್ ಯೋಗದವರಿಗೆ ಮೀಸಲು. ಕಾಲನ್ನು ಕುತ್ತಿಗೆಗೆ ಸುತ್ತಿಕೊಳ್ಳಬಲ್ಲವರಿಗೆ ನೆಲಮಹಡಿ, ಕಾಲನ್ನೇ ಎತ್ತಲಾಗದವರಿಗೆ ಮೇಲ್ಮಹಡಿ. ನಮ್ಮ ಜನರ ವ್ಯವಸ್ಥೆ ಯಾವಾಗಲೂ ಹೀಗೇ.

ಸಂಘದ ಹೆಸರು ‘ಸಂಧಿ ಬಂಧು ಬಳಗ’. ಈ ಹೆಸರಿಟ್ಟವರು ಸಂಚಾಲಕ ಚನ್ನವೀರೇಶ್. ಎಲೆಕ್ಟ್ರಿಕಲ್ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಉಳಿದ ಒಂದು ಮೈಕನ್ನು ತಂದು ಸಮಾಜಸೇವೆ ಶುರು ಮಾಡಿದವರು. ಕೂಗಿದರೆ ಕೇಳುವಷ್ಟು ಚಿಕ್ಕ ಕೋಣೆಯಲ್ಲಿ ಮೈಕು ಯಾಕೆ ಎಂದು ಒಮ್ಮೆ ಕೇಳಿದೆ. ‘ಒಂದು ಗಾಂಭೀರ್ಯ ಇರ್ಲಿ ಮೇಡಂ’ ಎಂದರು.

ನನ್ನ ಹೆಸರು ಸತ್ಯವತಿ. ಮನೆ ಬಸವೇಶ್ವರನಗರ. ರಾಜಾಜಿನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ತಲೆಕೆಟ್ಟು ಮೈಯ ಕೀಲುಗಳ ಮೇಲೆ ಬೀಳುವ ಕಾಯಿಲೆ. ಹನ್ನೊಂದು ವರ್ಷವಾಯಿತು. ಇದು ವಾಸಿಯಾಗುವಂಥದ್ದಲ್ಲ, ಗಂಡನ ಹಾಗೆ ಜೊತೆಯಲ್ಲಿಟ್ಟುಕೊಂಡು ಬಾಳಬೇಕಾದದ್ದು. ಇದಕ್ಕೆ ಮುಖ್ಯವಾದ ಒಂದು ಮಾತ್ರೆ ಇದೆ, ಮೆಥೊಟ್ರೆಕ್ಸೇಟ್ ಎಂದು. ವಾರದಲ್ಲಿ ಒಂದೇ ದಿನ, ಒಂದೇ ಸಲ ನುಂಗಬೇಕು. ಬಳಗದವರ ನಾಲಿಗೆಗೆ ಆ ಹೆಸರು ಹೊರಳದೆ ಅದು ‘ಹಳದಿ ಮಾತ್ರೆ’ ಆಗಿತ್ತು.

ನಾನು ಬಳಗಕ್ಕೆ ಹೋಗುತ್ತಿದ್ದದ್ದು ಕಲಿಯುವುದಕ್ಕಲ್ಲ, ತಿದ್ದುವುದಕ್ಕೆ. ಅಲ್ಲಿ ತಿದ್ದುವುದಕ್ಕೆ ಬೇಕಾದಷ್ಟಿತ್ತು. ರೋಗಿಗಳು ತಮ್ಮ ಅನುಭವ ಹಂಚಿಕೊಂಡು ಒಬ್ಬರಿಗೊಬ್ಬರು ದಾರಿ ತೋರಿಸಬೇಕು ಎಂಬುದು ಬಳಗದ ಉದ್ದೇಶ. ಕುರುಡರು ಕುರುಡರಿಗೆ ರಸ್ತೆ ದಾಟಿಸುತ್ತಾರಲ್ಲ, ಆ ಥರ. ಮಲ್ಲೇಶ್ವರದಿಂದ ಮಗಳ ಮನೆಗೆ ಬಂದು ನೆಲೆಸಿದ್ದ ಬಸವರಾಜೇಶ್ವರಿ ಎಂಬಾಕೆ ಒಂದು ದಿನ ಮೈಕು ಹಿಡಿದು, ಹಾಲಿನಲ್ಲಿ ಬೆಳ್ಳುಳ್ಳಿ ಬೇಯಿಸಿ ಕುಡಿದರೆ ಸಂಧಿವಾತ ಬುಡಸಮೇತ ಹೋಗುತ್ತದೆ ಎಂದಳು.

“ನಮ್ಮ ನಾದಿನಿಗೆ ಮೂರೇ ದಿನದಲ್ಲಿ ವಾಸಿ ಆಯ್ತು.”

“ನಿಮ್ಮ ನಾದಿನಿಗಿದ್ದದ್ದು ಸಂಧಿವಾತ ಅಂತ ಯಾವ ಡಾಕ್ಟ್ರು ಹೇಳಿದ್ರು?” ಎಂದೆ.

“ಡಾಕ್ಟ್ರು ಯಾಕೆ, ಅವಳೇ ಹೇಳಿದ್ಲು.”

“ಹಾಗಾದ್ರೆ ವಾಸಿ ಆಯ್ತು ಅಂತ ಹೇಳಿದ್ದೂ ಅವಳೇ. ಕಾಯಿಲೆನೂ ಅವಳದೇ, ಡಾಕ್ಟರೂ ಅವಳೇ. ನೀವು ಮಧ್ಯ ಮೈಕ್ ಹಿಡ್ಕೊಂಡು ಯಾಕೆ ನಿಂತಿದೀರಿ?”

ಕೋಣೆ ತುಂಬ ನಗು. ಬಸವರಾಜೇಶ್ವರಿ ಮೈಕನ್ನು ಮೇಜಿನ ಮೇಲಿಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮುಂದಿನ ಮೂರು ಸಭೆಗಳಲ್ಲಿ ಬಾಯಿ ಬಿಡಲಿಲ್ಲ. ಒಂದು ಮೂರ್ಖತನ ಕಡಿಮೆಯಾಯಿತು ಎಂದು ನಾನು ಖುಷಿಪಟ್ಟೆ.

ಆದರೆ ಕೊಟ್ರಪ್ಪನ ಬಾಯಿ ಮುಚ್ಚಿಸುವುದು ನನ್ನಿಂದಲೂ ಆಗಲಿಲ್ಲ. ನಂದಿನಿ ಲೇಔಟಿನಿಂದ ಬರುತ್ತಿದ್ದ ನಿವೃತ್ತ ಬಸ್ ಕಂಡಕ್ಟರ್ ಆತ. ಆತನ ಹತ್ತಿರ ಇದ್ದದ್ದು ಒಂದೇ ಔಷಧಿ, ಎಕ್ಕದ ಎಲೆ. ಮಂಡಿ ನೋವಿಗೂ ಎಕ್ಕದ ಎಲೆ, ಮಣಿಕಟ್ಟಿಗೂ ಎಕ್ಕದ ಎಲೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ. ಅದಕ್ಕಿಂತ ತಲೆ ತಿನ್ನುವುದು ಆತನ ಪ್ರಶ್ನೆಗಳು. ಯಾರೇ ನೋವೆಂದರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಇವತ್ತು ಏನುಂಡೆ, ನಿನ್ನೆ ಏನುಂಡೆ, ಮೊನ್ನೆ ಎಲ್ಲಿಗೆ ಹೋಗಿದ್ದೆ, ಯಾವ ಮಗ್ಗುಲಲ್ಲಿ ಮಲಗಿದ್ದೆ ಎಂದು ಸ್ಟೇಜಿಗೊಂದು ಟಿಕೆಟ್ ಹರಿದ ಹಾಗೆ ಕೇಳುತ್ತಿದ್ದ. ಎಲ್ಲ ಕೇಳಿ ಮುಗಿಸಿದ ಮೇಲೆ ಎಕ್ಕದ ಎಲೆ ಕಟ್ಟು ಎನ್ನುತ್ತಿದ್ದ. ಇಷ್ಟಕ್ಕೆ ಅಷ್ಟೆಲ್ಲ ಯಾಕೆ ಕೇಳಬೇಕಿತ್ತು?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪಾಪಮ್ಮ ಎಂಬ ಮುದುಕಿ ಒಮ್ಮೆ, ತರಕಾರಿ ಹೆಚ್ಚುವ ಚಾಕುವಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿಕೊಂಡರೆ ಬೆರಳಿಗೆ ನೋವಾಗುವುದಿಲ್ಲ ಎಂದಿದ್ದಳು. ಎಲ್ಲರೆದುರು ಕೇಳಿಸದವಳ ಹಾಗೆ ಕೂತಿದ್ದೆ. ಮನೆಗೆ ಹೋದವಳೇ ಗುಟ್ಟಾಗಿ ಸುತ್ತಿಕೊಂಡೆ. ಆರು ತಿಂಗಳ ಮೇಲೆ ಮೊದಲ ಸಲ ಹುರುಳಿಕಾಯಿಯನ್ನು ನಾನೇ ಹೆಚ್ಚಿದೆ. ಪಾಪಮ್ಮನಿಗೆ ಇದನ್ನು ಹೇಳಲಿಲ್ಲ.

ನರಸಮ್ಮ ಬಳಗಕ್ಕೆ ಬಂದದ್ದು ಈ ಫೆಬ್ರವರಿಯಲ್ಲಿ. ಹೇರೋಹಳ್ಳಿಯವಳು, ನಲವತ್ತಾರು ವರ್ಷ. ಸೀರೆಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಸೆರಗಿನ ಅಂಚಿನ ಎಳೆಗಳನ್ನು ಹಿಡಿಹಿಡಿಯಾಗಿ ಕೂಡಿಸಿ, ಗಂಟು ಹಾಕಿ, ಮಣಿ ಪೋಣಿಸುವ ಆ ಕೆಲಸಕ್ಕೆ ಬೇಕಾದದ್ದು ಹತ್ತು ಬೆರಳು ಮತ್ತು ಬೆಳಕು. ಬೆರಳಿಗೇ ಕಾಯಿಲೆ ಬಂದಿತ್ತು. ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದ ಗಂಡ ಎರಡು ವರ್ಷದಿಂದ ಮಂಚ ಬಿಟ್ಟಿರಲಿಲ್ಲ. ಮಗಳು ಶಶಿಕಲಾ ಡಿಗ್ರಿ ಕೊನೆಯ ವರ್ಷ. ನರಸಮ್ಮನ ಬೆರಳು ಆಡಿದರೆ ಮನೆ ನಡೆಯಬೇಕು.

ಮೊದಲ ದಿನವೇ ನನ್ನ ಪಕ್ಕದಲ್ಲಿ ಕೂತಳು. ನನ್ನ ರವಿಕೆಯ ಕಡೆಯ ಎರಡು ಹುಕ್ಕು ಬಿಟ್ಟಿದ್ದವು. ಬೆಳಗ್ಗೆ ಅವನ್ನು ಹಾಕುವುದು ನನ್ನ ಗಂಡ ಶ್ಯಾಮಸುಂದರರ ಕೆಲಸ. ಎಂಜಿನಿಯರ್ ಆಗಿದ್ದವರು, ಸೇತುವೆ ಕಟ್ಟಿಸಿದವರು, ಹುಕ್ಕು ಹಾಕುವುದನ್ನು ಮಾತ್ರ ಕಲಿಯಲಿಲ್ಲ. ನರಸಮ್ಮ ಏನೂ ಹೇಳದೆ ನನ್ನ ಸೆರಗನ್ನು ಎಳೆದು ಮುಚ್ಚಿದಳು. ಇಳಿಯುವಾಗ ಮೆಟ್ಟಿಲ ಮೇಲೆ ಮೆಲ್ಲಗೆ ಅಂದಳು:

“ಮೇಡಮ್ನೋರೇ, ಮುಂದಿನ್ ಸಲ ಎಲ್ಡು ಬ್ಲೌಸ್ ತಂದ್ಕೊಡಿ. ಹುಕ್ ಕಿತ್ತಾಕಿ ವೆಲ್ಕ್ರೊ ಹಾಕಿಸ್ಕೊಡ್ತೀನಿ. ಒತ್ತಿದ್ರೆ ಸಾಕು, ಅಂಟ್ಕೋತದೆ. ನಾನೂ ಅಂಗೇ ಮಾಡ್ಕೊಂಡಿವ್ನಿ.”

ಎರಡು ಕೊಟ್ಟೆ. ಆರು ಮಾಡಿಸಿದೆ. ಬಿಚ್ಚುವಾಗ ಪರ್ರೆಂದು ಸದ್ದಾಗುತ್ತದೆ ಎನ್ನುವುದು ಬಿಟ್ಟರೆ ಅದರಂಥ ಸುಖ ಇನ್ನೊಂದಿಲ್ಲ. ಯಾರ ಹಂಗೂ ಇಲ್ಲದೆ ಬೆಳಗ್ಗೆ ನಾನೇ ಬಟ್ಟೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನನಗೆ ಅಳು ಬಂದಿತ್ತು. ಅಂದಿನಿಂದ ನರಸಮ್ಮನ ಮೇಲೆ ನನಗೆ ನಿಜವಾದ ಅಕ್ಕರೆ. ಅವಳ ಬೆರಳು ಉಳಿಯಬೇಕು ಎಂದು ಮನಸ್ಸಿನಲ್ಲಿ ಹಟ ತೊಟ್ಟೆ. ಅವಳಿಗೆ ಡಾಕ್ಟರು ಹಳದಿ ಮಾತ್ರೆಯನ್ನು ಅದೇ ತಾನೇ ಶುರು ಮಾಡಿದ್ದರು.

ಮಾರ್ಚ್ ತಿಂಗಳ ಎರಡನೇ ಭಾನುವಾರ ಚನ್ನವೀರೇಶ್ ಒಂದು ಸಮಸ್ಯೆ ಎತ್ತಿದರು. ದಿನಾ ನುಂಗುವ ಮಾತ್ರೆ ನೆನಪಿರುತ್ತದೆ, ವಾರಕ್ಕೊಂದರದ್ದು ಮರೆತುಹೋಗುತ್ತದೆ, ಏನು ಮಾಡುವುದು? ಒಬ್ಬರು ಮೊಬೈಲಿನ ಅಲಾರಂ ಎಂದರು. ಒಬ್ಬರು ಕ್ಯಾಲೆಂಡರಿನಲ್ಲಿ ಗುಂಡು ಸುತ್ತುವುದು ಎಂದರು. ಇನ್ನೊಬ್ಬರು ಸೊಸೆಗೆ ಹೇಳಿಟ್ಟಿದ್ದೇನೆ ಎಂದಾಗ ಎಲ್ಲರೂ ಆಕೆಯನ್ನು ಕನಿಕರದಿಂದ ನೋಡಿದರು. ಕಡೆಗೆ ನಾನು ಎದ್ದೆ. ಮೈಕನ್ನು ತೆಗೆದುಕೊಳ್ಳಲಿಲ್ಲ.

“ನೋಡಿ, ನಿಮಗೆ ಮಾತ್ರೆ ಮರೆತುಹೋಗತ್ತೆ. ದೇವರ ದಿನ ಯಾವತ್ತಾದ್ರೂ ಮರ್ತಿದೀರಾ? ಶನಿವಾರ ಬಂತು ಅಂದ್ರೆ ಯಾರೂ ಹೇಳ್ದೆ ತಲೆಗೆ ಸ್ನಾನ, ಒಪ್ಪತ್ತು. ಅಲ್ವಾ? ಹಾಗಾದ್ರೆ ಮಾತ್ರೆನ ನಿಮ್ಮ ಮನೆದೇವರ ದಿನಕ್ಕೆ ಕಟ್ಟಿಬಿಡಿ. ದೇವರ ಮುಂದೆ ಇಡಿ, ದೀಪ ಹಚ್ಚಿ, ಊಟ ಮಾಡಿ, ನುಂಗಿ. ಅವತ್ತು ಮಾತ್ರೆ ತಪ್ಪಿಸಿದ್ರೆ ದೇವರಿಗೇ ತಪ್ಪಿ ನಡೆದ ಹಾಗೆ ಅಂತ ತಿಳ್ಕೊಳ್ಳಿ.”

ಚಪ್ಪಾಳೆ ಬಿತ್ತು. ಚನ್ನವೀರೇಶ್, ‘ಇದು ನೋಡಿ ವಿಜ್ಞಾನ ಮತ್ತು ಸಂಸ್ಕೃತಿಯ ಸಂಗಮ’ ಎಂದು ಮೈಕಿನಲ್ಲಿ ಘೋಷಿಸಿದರು. ನಾನು ದೇವರ ಮನೆಗೆ ಕಾಲಿಡುವುದು ದೀಪಾವಳಿಗೆ ಒಮ್ಮೆ, ಅದೂ ಧೂಳು ಹೊಡೆಯುವುದಕ್ಕೆ. ಈ ಜನಕ್ಕೆ ಈ ಭಾಷೆಯಲ್ಲಿ ಹೇಳಿದರೇ ತಲೆಗೆ ಹೋಗುವುದು ಎಂಬ ಲೆಕ್ಕಾಚಾರ ನನ್ನದು. ಚಪ್ಪಾಳೆ ತಟ್ಟುತ್ತಿದ್ದ ಕೈಗಳ ನಡುವೆ ನರಸಮ್ಮನ ಕೈ ಅರ್ಧ ಮೇಲೆದ್ದದ್ದು ನನಗೆ ಕಾಣಿಸಿತು. ನನ್ನ ಕಣ್ಣು ಅವಳ ಮೇಲೆ ಬಿದ್ದದ್ದೇ ತಡ, ಅವಳು ಆ ಕೈಯಿಂದ ಸೆರಗು ಸರಿಮಾಡಿಕೊಂಡಳು. ನಾನು ಕೂತುಕೊಂಡೆ.

ಹದಿನೈದು ದಿನದ ಮೇಲೆ ಬಂದಾಗ ನರಸಮ್ಮನ ಮುಖ ಅರಳಿತ್ತು. ಬೆರಳನ್ನು ನನ್ನ ಕಣ್ಣೆದುರು ಮಡಚಿ ಬಿಡಿಸಿ ತೋರಿಸಿದಳು. ಒಂದು ಮದುವೆ ಸೀರೆಗೆ ಮುತ್ತಿನ ಕುಚ್ಚು ಕಟ್ಟಿ ಮುಗಿಸಿದ್ದಳಂತೆ.

“ದೇವ್ರೇ ಮೇಡಮ್. ನೀವೇಳ್ದಂಗೇ ಮಾಡ್ತಿವ್ನಿ. ಒಸಿ ಸುಸ್ತು, ಬಾಯಿಗೆ ರುಚಿ ಇಲ್ಲ ಅಷ್ಟೇಯ.”

“ಶುರುವಿನಲ್ಲಿ ಹಾಗೇ ಇರತ್ತೆ. ಆ ಮಾತ್ರೆ ಗುಣವೇ ಅದು,” ಎಂದು ಅವಳ ಮಾತನ್ನು ಅಲ್ಲಿಗೇ ಮುಗಿಸಿದೆ. ‘ನೀವೇಳ್ದಂಗೇ ಮಾಡ್ತಿವ್ನಿ’ ಎನ್ನುವ ಮಾತನ್ನು ಮನೆಗೆ ಹೋಗಿ ಶ್ಯಾಮಸುಂದರರಿಗೆ ಎರಡು ಸಲ ಹೇಳಿದೆ.

ಏಪ್ರಿಲ್‌ನ ಎರಡನೇ ಭಾನುವಾರ ಅವಳು ಮೆಟ್ಟಿಲು ಹತ್ತಿ ಬಂದದ್ದು ಹನ್ನೊಂದೂವರೆಗೆ. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಸೆರಗು ಸರಿಸಿದಾಗ ತುಟಿಯ ಒಳಗೆಲ್ಲ ಕೆಂಪು ಹುಣ್ಣು. ನೀರು ಕುಡಿದರೂ ಉರಿಯುತ್ತದೆ, ಮೂರು ದಿನದಿಂದ ಮೈ ಬೆಚ್ಚಗಿದೆ ಎಂದಳು. ತಗೊಳ್ಳಿ, ಬಳಗಕ್ಕೆ ಹಬ್ಬವಾಯಿತು. ಉಷ್ಣ ಕಣ್ರೀ ಉಷ್ಣ, ಎಂದು ಒಬ್ಬರು. ಗಸಗಸೆ ಪಾಯಸ ಎಂದು ಇನ್ನೊಬ್ಬರು. ಬೆಣ್ಣೆ ಸವರು, ಒಣಕೊಬ್ಬರಿ ಅಗಿ, ಬಸಳೆ ಸೊಪ್ಪು ತಿನ್ನು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚು. ಬಾಯಿಯ ಹುಣ್ಣಿಗೆ ಹೊಕ್ಕುಳಿಗೆ ಎಣ್ಣೆ! ನನಗೆ ಮೈ ಉರಿಯಿತು.

“ಎಲ್ಲಾ ಸುಮ್ನಿರಿ. ಇದು ಬಿ ಕಾಂಪ್ಲೆಕ್ಸ್ ಕೊರತೆ. ಊಟ ಸರಿಯಾಗಿ ಮಾಡಲ್ಲ, ಒಪ್ಪತ್ತು ಗಿಪ್ಪತ್ತು ಅಂತಾರೆ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರೆ. ಹತ್ತು ದಿನ ತಗೊಳ್ಳಿ ನರಸಮ್ಮ.”

ನಾನು ಹೇಳಿದ ಮೇಲೆ ಮುಗಿಯಿತು. ಎಲ್ಲರೂ ಉಪ್ಪಿಟ್ಟಿನ ಕಡೆ ಹೋದರು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕುವವರು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಯಾರಿಗೆ ಎಂದು ನಾನು ಅವತ್ತು ಯೋಚಿಸಲಿಲ್ಲ.

ನರಸಮ್ಮ ಉಪ್ಪಿಟ್ಟು ತಿನ್ನಲಾರದೆ ಕಿಟಕಿಯ ಪಕ್ಕ ಕೂತಿದ್ದಳು. ಕೊಟ್ರಪ್ಪ ತನ್ನ ತಟ್ಟೆಯನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಅವಳೆದುರು ಕೂತ. ಟಿಕೆಟ್ ಹರಿಯುವುದು ಶುರುವಾಯಿತು ಎಂದುಕೊಂಡೆ. ಎರಡು ಕುರ್ಚಿಯಾಚೆ ಕಾಫಿ ಹಿಡಿದು ಕೂತಿದ್ದರಿಂದ ಎಲ್ಲ ಕೇಳಿಸುತ್ತಿತ್ತು.

“ಇವತ್ತೇನುಂಡಿ ಯವ್ವಾ?”

“ಏನೂ ಇಲ್ಲ ಅಣ್ಣ. ನುಂಗಾಕಾಯ್ತಿಲ್ಲ.”

“ನಿನ್ನೆ?”

“ನಿನ್ನೆ ಶನಿವಾರ ಅಲ್ವಾ, ನಮ್ಮ ತೌರುಮನೆ ದೇವ್ರು ನರಸಿಂಹಸ್ವಾಮಿದು. ಗಂಜಿ ಕುಡ್ದು ಹಳದಿ ಮಾತ್ರೆ ತಗಂಡೆ.”

“ಹ್ಞೂಂ. ಮೊನ್ನೆ?”

“ಮೊನ್ನೆ ಶುಕ್ರವಾರ. ಊರ ಮಾರಮ್ಮಂದು. ನಮ್ಮೆಜಮಾನ್ರು ಬಿದ್ದಾಗಿಂದ ಹರಕೆ ಐತೆ. ಅವತ್ತೂ ಗಂಜಿ, ಮಾತ್ರೆ.”

“ಅವತ್ತೂ ಹಳದೀದ?”

“ಊಂ ಅಣ್ಣ.”

ನಾನು ಕಾಫಿ ಲೋಟ ಕೆಳಗಿಟ್ಟು ಅವರ ಕಡೆ ತಿರುಗಿದೆ. ಕೊಟ್ರಪ್ಪ ಅವಸರ ಮಾಡಲಿಲ್ಲ.

“ಇನ್ಯಾವತ್ತಾದ್ರೂ ತಗಂತೀಯೇನವ್ವಾ?”

“ಸೋಮವಾರ. ಗಂಡನ್ ಮನೆ ದೇವ್ರು ಮಾದಪ್ಪಂದು. ಅದು ಬುಡಾಕಾಯ್ತದಾ ಅಣ್ಣ? ತೌರುಮನೆ ದೇವ್ರಿಗೆ ಇಟ್ಟು ಗಂಡನ ಮನೆ ದೇವ್ರಿಗೆ ಇಡ್ದಿದ್ರೆ ಒಪ್ತಾನಾ? ಡಾಕ್ಟ್ರು ಒಂದೇ ದಿನ ಅಂದಿದ್ರು. ಆದ್ರೆ ದೇವ್ರ ದಿನ ತಪ್ಪಿಸ್ಬಾರ್ದು ಅಂತ…”

ಅವಳು ಅಲ್ಲಿಗೆ ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ಕೊಟ್ರಪ್ಪ ನೋಡಿದ.

ವಾರಕ್ಕೆ ಒಂದರ ಬದಲು ಮೂರು. ನಾಲ್ಕು ವಾರ. ಹನ್ನೆರಡು ಮಾತ್ರೆ. ಈ ಲೆಕ್ಕಕ್ಕೆ ಗಣಿತದ ಟೀಚರ್ ಬೇಕಾಗಿರಲಿಲ್ಲ. ಹೆಚ್ಚಾದರೆ ಆ ಮಾತ್ರೆ ಏನು ಮಾಡುತ್ತದೆ ಎಂದು ನನ್ನ ಡಾಕ್ಟರು ಹನ್ನೊಂದು ವರ್ಷದ ಹಿಂದೆಯೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ಬಾಯಿ ಹುಣ್ಣು, ಜ್ವರ, ರಕ್ತದ ಬಿಳಿ ಕಣಗಳ ನಾಶ, ಆಮೇಲೆ ಯಾವ ಸಣ್ಣ ಸೋಂಕು ತಗುಲಿದರೂ ಸಾವು. ಎಲ್ಲ ಗೊತ್ತಿದ್ದ ನಾನು ಅರ್ಧ ಗಂಟೆಯ ಹಿಂದೆ ಅದೇ ಹುಣ್ಣನ್ನು ನೋಡಿ ಬಿ ಕಾಂಪ್ಲೆಕ್ಸ್ ಎಂದಿದ್ದೆ. ನೋಡಿರಲೇ ಇಲ್ಲ, ಹೇಳಿದ್ದೆ ಅಷ್ಟೇ.

“ಆಟೋ ಕರೀರಿ!” ಎಂದು ಕಿರುಚಿದೆ. ಚನ್ನವೀರೇಶ್ ಮೈಕಿನಲ್ಲೇ ‘ಆಟೋ, ಆಟೋ’ ಎಂದರು. ಇಪ್ಪತ್ತೆರಡು ಮೆಟ್ಟಿಲನ್ನು ನರಸಮ್ಮನನ್ನು ಹಿಡಿದುಕೊಂಡು ಕೊಟ್ರಪ್ಪನೂ ನಾನೂ ಇಳಿದೆವು. ಮೂವರಿಗೂ ಸೇರಿ ನೆಟ್ಟಗಿರುವ ಮಂಡಿ ಒಂದೂ ಇರಲಿಲ್ಲ.

ಮಾಗಡಿ ರಸ್ತೆಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವನು. ರಕ್ತದ ರಿಪೋರ್ಟು ಬಂದಾಗ ಅವನ ಮುಖ ಬದಲಾಯಿತು. ನಾಲ್ಕು ಸಾವಿರಕ್ಕಿಂತ ಮೇಲಿರಬೇಕಾದ ಬಿಳಿ ಕಣ ಒಂಬೈನೂರಕ್ಕೆ ಇಳಿದಿತ್ತು.

“ಇನ್ನೊಂದು ಮಾತ್ರೆ ತಗೊಂಡಿದ್ರೆ ಕಷ್ಟ ಇತ್ತಮ್ಮ. ಈಗ್ಲೂ ಏನೂ ಹೇಳಕ್ಕಾಗಲ್ಲ. ಇದನ್ನ ವಾರಕ್ಕೆ ಮೂರು ಸಲ ತಗೊಳ್ಳಕ್ಕೆ ಹೇಳಿದ್ದು ಯಾರು?”

ಶಶಿಕಲಾ ಅಷ್ಟರಲ್ಲಿ ಓಡಿ ಬಂದಿದ್ದಳು. ತಾಯಿಯ ಕಾಲ ಬಳಿ ನಿಂತಿದ್ದಳು. ಕೊಟ್ರಪ್ಪ ಬಾಗಿಲಲ್ಲಿ. ನಾನು ಮಂಚದ ಪಕ್ಕದಲ್ಲಿ, ಡಾಕ್ಟರಿಗೆ ಒಂದು ಮಾರು ದೂರದಲ್ಲಿ. ನರಸಮ್ಮ ಹುಣ್ಣಾದ ತುಟಿಯನ್ನು ಕಷ್ಟದಿಂದ ಅಲುಗಾಡಿಸಿದಳು.

“ಯಾರೂ ಇಲ್ಲ ಸಾ. ನಾನೇ ತಪ್ ತಿಳ್ಕೊಂಡೆ.”

ಡಾಕ್ಟರು ‘ಓದು ಬರಹ ಇಲ್ದಿದ್ರೆ ಹಿಂಗೇ’ ಎನ್ನುವಂತೆ ತಲೆಯಾಡಿಸಿ ಬರೆದುಕೊಂಡ. ಇಂಥ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು, ಜೀವನವಿಡೀ ನಾನೇ ಮಾಡಿದ್ದು. ‘ನಾನು ಹೇಳಿದ್ದು’ ಎಂಬ ಎರಡು ಪದ ನನ್ನ ಗಂಟಲಿನಲ್ಲೇ ಇತ್ತು. ಹೊರಗೆ ಬರಲಿಲ್ಲ. ಬಂತು ಎಂದು ಇಲ್ಲಿ ಸುಳ್ಳು ಬರೆಯಬಹುದಿತ್ತು, ಬರೆಯುವುದಿಲ್ಲ. ನಾನು ಹೇಡಿಯ ಹಾಗೆ ಸುಮ್ಮನೆ ನಿಂತಿದ್ದೆ. ಡಾಕ್ಟರು ಹೋದ.

ಅವಳನ್ನು ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ಆರು ಗಂಟೆಗೊಮ್ಮೆ ವಿಷ ಇಳಿಸುವ ಇಂಜೆಕ್ಷನ್. ನಾನು ದಿನಾ ಬೆಳಗ್ಗೆ ರಾಗಿ ಗಂಜಿ ಸೋಸಿ ತಂದು ಬಾಗಿಲಲ್ಲಿ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಎರಡನೇ ದಿನ ಬಿಳಿ ಕಣ ಏಳುನೂರಕ್ಕೆ ಇಳಿಯಿತು. ಜ್ವರ ನೂರಮೂರು. ಶಶಿಕಲಾ ನನ್ನ ಪಕ್ಕದಲ್ಲಿ ಕೂತು, “ನೀವಿಲ್ದಿದ್ರೆ ಅಮ್ಮ ಉಳೀತಿರ್ಲಿಲ್ಲ ಆಂಟಿ” ಎಂದು ನನ್ನ ಕೈ ಹಿಡಿದುಕೊಂಡಳು. ಆ ಮಗುವಿನ ಕೈಯನ್ನು ಬಿಡಿಸಿಕೊಳ್ಳುವುದಕ್ಕೂ ನನಗೆ ಯೋಗ್ಯತೆ ಇರಲಿಲ್ಲ.

ಅವತ್ತೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ಚನ್ನವೀರೇಶರ ಸಂದೇಶ ಬಂತು. ‘ಮಾನ್ಯ ಸತ್ಯವತಿ ಮೇಡಂ ಅವರ ಸಮಯಪ್ರಜ್ಞೆಯಿಂದ ನಮ್ಮ ಬಳಗದ ಒಂದು ಅಮೂಲ್ಯ ಜೀವ ಅಪಾಯದಿಂದ ಪಾರಾಗಿದೆ. ಮುಂದಿನ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನ.’ ಕೆಳಗೆ ಮುಗಿದ ಕೈಗಳು, ಸಾಲು ಸಾಲಾಗಿ. ಎರಡೂ ಕೈ ಜೋಡಿಸಿದರೆ ಬೆರಳು ಸೇರದವರೆಲ್ಲ ಫೋನಿನಲ್ಲಿ ಧಾರಾಳವಾಗಿ ಕೈ ಮುಗಿದಿದ್ದರು.

ಮೂರನೇ ದಿನ ಬರೆದೆ. ‘ನರಸಮ್ಮನವರಿಗೆ ಹೀಗಾದದ್ದು ನನ್ನ ಮಾತಿನಿಂದ. ದೇವರ ದಿನ ಎಂದು ನಾನು ಹೇಳಿದ್ದನ್ನು ನಂಬಿ ಅವರು ವಾರಕ್ಕೆ ಮೂರು ದಿನ ತೆಗೆದುಕೊಂಡರು. ತಪ್ಪು ನನ್ನದು. ಹಳದಿ ಮಾತ್ರೆ ವಾರಕ್ಕೆ ಒಂದೇ ದಿನ. ಇನ್ನು ಯಾರಾದರೂ ಹೀಗೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಕೂಡಲೇ ನನಗೆ ತಿಳಿಸಿ.’ ಉತ್ತರಗಳು ಬಂದವು. ‘ಎಂಥ ವಿನಯ ಮೇಡಂ.’ ‘ನಿಮ್ಮ ದೊಡ್ಡತನ.’ ‘ತುಂಬಿದ ಕೊಡ ತುಳುಕುವುದಿಲ್ಲ.’ ಇನ್ನಷ್ಟು ಮುಗಿದ ಕೈಗಳು. ತಪ್ಪೊಪ್ಪಿಕೊಂಡರೂ ಕಾಲಿಗೆ ಬೀಳುವ ಈ ಮಂದಿಯನ್ನು ಬೈಯಬೇಕೆನಿಸಿತು. ನಾನು ಕೇಳಿದ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಹಾಗಾದರೆ ಬೇರೆ ಯಾರೂ ಇಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಮರುದಿನ ಕೊಟ್ರಪ್ಪ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತ.

“ಮೇಡಂ, ಪಾಪಮ್ಮನೂ ಎರಡು ದಿನ ತಗಂತಿದ್ಳಂತ್ರೀ. ಮಂಗಳವಾರ, ಶನಿವಾರ. ನಿನ್ನೆ ಸಂಜಿ ನಂಗೆ ಫೋನ್ ಹಚ್ಚಿದ್ಲು. ಬೆಳಿಗ್ಗೆ ಕರ್ಕಂಡೋಗಿ ರಕ್ತ ಟೆಸ್ಟ್ ಮಾಡ್ಸಿನಿ. ಏನೂ ತೊಂದ್ರಿ ಇಲ್ಲಂತ, ಬಚಾವಾದ್ಲು.”

“ಗುಂಪಿನಲ್ಲಿ ಕೇಳಿದ್ನಲ್ಲ ನಾನು? ನನ್ನ ನಂಬರೂ ಅವರ ಹತ್ರ ಇದೆ. ನನಗ್ಯಾಕೆ ಹೇಳ್ಲಿಲ್ಲ?”

ಎಲ್ಲರನ್ನೂ ಪ್ರಶ್ನೆ ಕೇಳುವ ಕೊಟ್ರಪ್ಪ, ಕಾಫಿ ತರ್ತೀನಿ ಎಂದು ಎದ್ದು ಹೋದ.

ಐದನೇ ದಿನ ಜ್ವರ ಬಿಟ್ಟಿತು. ಆರನೇ ದಿನ ಬಿಳಿ ಕಣ ಎರಡು ಸಾವಿರದ ನೂ‍ರಕ್ಕೆ ಏರಿತು. ಮಾಸ್ಕ್ ಹಾಕಿಕೊಂಡು ಒಳಗೆ ಹೋಗಬಹುದು ಎಂದು ನರ್ಸ್ ಹೇಳಿದಳು. ನರಸಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೂದಲು ಅರ್ಧ ಉದುರಿ ಹಣೆ ದೊಡ್ಡದಾಗಿತ್ತು. ಶಶಿಕಲಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

“ಶಶಿಕಲಾ,” ಎಂದೆ, “ನಿಮ್ಮಮ್ಮನಿಗೆ ದೇವರ ದಿನ ಮಾತ್ರೆ ತಗೊಳ್ಳಕ್ಕೆ ಹೇಳಿದ್ದು ನಾನು. ಅವತ್ತು ಡಾಕ್ಟರ ಮುಂದೆ ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಹುಡುಗಿ ಚಮಚ ನಿಲ್ಲಿಸಿ ತಾಯಿಯ ಮುಖ ನೋಡಿದಳು. ನನ್ನ ಮುಖ ನೋಡಲಿಲ್ಲ. ಆಮೇಲೆ ಗಂಜಿಯ ಲೋಟವನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಹೋದಳು. ಬಾಗಿಲನ್ನು ಜೋರಾಗಿಯೇ ಎಳೆದುಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಲೋಟ ಎತ್ತಿಕೊಂಡು ಮಂಚದ ಪಕ್ಕ ಕೂತೆ. ನಾಲ್ಕು ಚಮಚ ಕುಡಿಸಿದ ಮೇಲೆ ಕೇಳಿದೆ.

“ನರಸಮ್ಮ, ಅವತ್ತು ನೀವು ಕೈ ಎತ್ತಿದ್ರಿ. ಏನೋ ಕೇಳಕ್ಕೆ ಹೊರಟಿದ್ರಿ. ಅಲ್ವಾ?”

“ಊಂ ಮೇಡಮ್. ಮೂರು ದೇವ್ರಿದ್ರೆ ಏನ್ ಮಾಡಾದು ಅಂತ ಕೇಳಾನ ಅಂತಿದ್ದೆ.”

“ಮತ್ತೆ ಯಾಕೆ ಕೇಳ್ಲಿಲ್ಲ?”

ಅವಳು ನಕ್ಕಳು. ತುಟಿ ಇನ್ನೂ ಪೂರ್ತಿ ಮಾಗಿರಲಿಲ್ಲ, ನೋವಾಗಿ ನಗು ಅರ್ಧಕ್ಕೆ ನಿಂತಿತು.

“ಆ ಬೆಳ್ಳುಳ್ಳಿ ಅಮ್ಮಂಗೆ ಅಂದ್ರಂತಲ್ಲ, ಅಂಗೇ ನಂಗೂ ಅಂದ್ಬುಡ್ತೀರೇನೋ ಅಂತ. ಎಲ್ರೂ ನಗಾಡ್ತರೆ. ಹದಿನೈದ್ ದಿನ ಆದ್ಮೇಲೆ ಮೆಟ್ಲತ್ರ ಒಬ್ರೇ ಸಿಕ್ಕಿದ್ರಿ, ಆಗ್ಲೂ ಬಾಯಿಗ್ ಬಂತು. ಭಯ ಆಯ್ತು, ಸುಮ್ಕಾದೆ.” ಆಮೇಲೆ ನನಗೆ ಸಮಾಧಾನ ಹೇಳುವವಳ ಹಾಗೆ, “ನಂಗೊಬ್ಳಿಗೇ ಅಲ್ಲ ಮೇಡಮ್, ನಿಮ್ನ ಕಂಡ್ರೆ ಎಲ್ರಿಗೂ ಭಯನೇಯಾ” ಎಂದಳು.

ಸಾಯುವುದಕ್ಕಿಂತ ನನ್ನ ಬಾಯಿಗೆ ಹೆದರಿದ್ದಳು.

ನಾನು ಗಂಜಿ ಕುಡಿಸುವುದನ್ನು ಮುಂದುವರಿಸಿದೆ. ಮೂವತ್ತೆರಡು ವರ್ಷ, ದಿನಕ್ಕೆ ಆರು ಪೀರಿಯಡ್, ಪ್ರತಿ ಪಾಠದ ಕೊನೆಯಲ್ಲಿ ಕಪ್ಪು ಹಲಗೆಯಿಂದ ಈ ಕಡೆ ತಿರುಗಿ ‘ಯಾರಿಗಾದ್ರೂ ಡೌಟ್ ಇದೆಯಾ?’ ಎಂದು ಕೇಳಿದ್ದೇನೆ. ಅರವತ್ತು ಮಕ್ಕಳಲ್ಲಿ ಒಂದು ಕೈಯೂ ಮೇಲೇಳುತ್ತಿರಲಿಲ್ಲ. ನನ್ನ ಪಾಠ ಅಷ್ಟು ಸ್ಪಷ್ಟ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು, ಮರುದಿನ ಮುಂದಿನ ಅಧ್ಯಾಯ ಶುರು ಮಾಡುತ್ತಿದ್ದೆ.